ಡಿಪ್ಲೀಟೆಡ್ ಯುರೇನಿಯಂ: ‘ವಿಕಿರಣವೇ ಇಲ್ಲ’ ಎನ್ನುವವರಿಗೂ ‘ಅಣುಬಾಂಬಿನ ತಮ್ಮ’ ಎನ್ನುವವರಿಗೂ ಏನೆಂದು ಹೇಳುವುದು?

ತುಂಗಾತೀರದ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ಅರ್ಧಾಯುಷ್ಯದ (ವಿಕಿರಣಶೀಲ ವಸ್ತುವಿನ ಅರ್ಧದಷ್ಟು ಪರಮಾಣುಗಳು ಒಡೆಯಲು ಹಿಡಿಯುವ ಕಾಲ) ಲೆಕ್ಕ ಮಾಡಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಉಕ್ರೇನಿಗೆ ಡಿಪ್ಲೀಟೆಡ್ ಯುರೇನಿಯಂ ಗುಂಡುಗಳನ್ನು ಕೊಟ್ಟಿದ್ದಾರಂತೆ, ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷವಂತೆ, ಹಾಗಾದರೆ ಆ ನೆಲದಲ್ಲಿ ಅಷ್ಟು ಕಾಲ ಯಾರೂ ಬಾಳುವಂತಿಲ್ಲವೇ ಎಂದು ಕೇಳಿದಳು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದಾಗ ಸಹೋದ್ಯೋಗಿಯೊಬ್ಬರು, ಡಿಪ್ಲೀಟೆಡ್ ಎಂದರೆ ಬರಿದಾದದ್ದು, ಅದರಲ್ಲಿ ವಿಕಿರಣವೇ ಉಳಿದಿರುವುದಿಲ್ಲ, ಸೀಸದ ಗುಂಡಿಗೂ ಅದಕ್ಕೂ ವ್ಯತ್ಯಾಸವಿಲ್ಲ ಎಂದರು.

ಇಬ್ಬರ ಮಾತೂ ತಪ್ಪು ಎಂಬುದು ನನಗೆ ಗೊತ್ತು. ಆದರೆ ಒಬ್ಬರನ್ನು ತಿದ್ದಲು ಹೊರಟರೆ ಇನ್ನೊಬ್ಬರ ತಪ್ಪಿಗೆ ಬಲ ಬರುತ್ತದೆ. ವಿಕಿರಣ ಕಡಿಮೆ ಎಂದರೆ ‘ನೋಡಿ, ನಾನು ಹೇಳಲಿಲ್ಲವೇ’ ಎನ್ನುತ್ತಾರೆ. ಅಪಾಯವಿದೆ ಎಂದರೆ ಅಣುಬಾಂಬಿನ ಚಿತ್ರ ಮನಸ್ಸಿಗೆ ಬರುತ್ತದೆ. ಇದನ್ನು ಕನ್ನಡದಲ್ಲಿ, ಎರಡೂ ಕಡೆಗೆ ವಾಲದಂತೆ ಹೇಗೆ ಹೇಳುವುದು? ವಿಷಯದ ಹತ್ತಿರ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ.

ಶರಾವತಿ

ಮೊದಲು ಆ ವಿದ್ಯಾರ್ಥಿನಿಗೆ ನೀವು ಏನು ಉತ್ತರ ಕೊಟ್ಟಿರಿ ಎಂಬುದನ್ನು ತಿಳಿಸಿ, ಸರ್.

ತುಂಗಾತೀರದ ಉಪನ್ಯಾಸಕ

ಕೊಡದ ಉದಾಹರಣೆ ಕೊಟ್ಟೆ. ಒಂದೇ ಅಳತೆಯ ಎರಡು ಕೊಡಗಳಲ್ಲಿ ನೀರು ತುಂಬಿ, ಒಂದಕ್ಕೆ ಹೆಬ್ಬೆರಳು ತೂರುವಷ್ಟು ತೂತನ್ನೂ ಇನ್ನೊಂದಕ್ಕೆ ಸೂಜಿಮೊನೆಯಷ್ಟು ತೂತನ್ನೂ ಮಾಡಿದರೆ, ಹೆಚ್ಚು ಕಾಲ ಸೋರುವುದು ಎರಡನೆಯದೇ. ಆದರೆ ಕೆಳಗೆ ನಿಂತವನು ತೊಯ್ದು ತೊಪ್ಪೆಯಾಗುವುದು ಮೊದಲನೆಯದರಿಂದ. ಅರ್ಧಾಯುಷ್ಯ ಉದ್ದವಾದಷ್ಟೂ ಪ್ರತಿ ಸೆಕೆಂಡಿಗೆ ಒಡೆಯುವ ಪರಮಾಣುಗಳ ಸಂಖ್ಯೆ ಕಡಿಮೆ. ಒಂದು ಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 3,700 ಕೋಟಿ ಪರಮಾಣುಗಳು ಒಡೆಯುತ್ತವೆ, ಒಂದು ಗ್ರಾಂ ಡಿಪ್ಲೀಟೆಡ್ ಯುರೇನಿಯಂನಲ್ಲಿ ಸುಮಾರು 15 ಸಾವಿರ. ಅಂದರೆ 25 ಲಕ್ಷ ಪಟ್ಟು ವ್ಯತ್ಯಾಸ.

ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಸರಿ ಸರ್, ಆದರೆ ಆ ಸೂಜಿತೂತಿನ ಕೊಡ ನನ್ನ ಹೊಟ್ಟೆಯೊಳಗೇ ಇದ್ದರೆ?’ ಎಂದಳು. ಗಂಟೆ ಹೊಡೆಯಿತು. ಮುಂದಿನ ತರಗತಿಗೆ ಉತ್ತರ ಬಾಕಿ ಇದೆ.

ಸರ್ವೆಮೀಟರ್

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ನಾನು ಕರಾವಳಿಯಲ್ಲಿ ಹದಿನಾಲ್ಕು ವರ್ಷ ಇಂಡಸ್ಟ್ರಿಯಲ್ ರೇಡಿಯಾಗ್ರಫಿ ಮಾಡಿದವನು. ಪೈಪುಗಳ ವೆಲ್ಡಿಂಗ್ ಒಳಗೆ ಬಿರುಕಿದೆಯೇ ಎಂದು ಗಾಮಾ ಕಿರಣ ಹಾಯಿಸಿ ಫಿಲ್ಮ್ ತೆಗೆಯುವ ಕೆಲಸ. ನಾವು ‘ಕ್ಯಾಮೆರಾ’ ಎಂದು ಕರೆಯುವ ಪೆಟ್ಟಿಗೆಯ ಒಳಗೆ ಅಕ್ಕಿಕಾಳಿನ ಗಾತ್ರದ ಇರಿಡಿಯಂ-192 ಇರುತ್ತದೆ. ಅದೇ ‘ಸೋರ್ಸ್’. ಆ ಸೋರ್ಸಿನ ಕಿರಣ ಹೊರಗೆ ಬಾರದಂತೆ ತಡೆಯಲು ಸುತ್ತ ಎರಕ ಹೊಯ್ದಿರುವ ಲೋಹವೇ ಡಿಪ್ಲೀಟೆಡ್ ಯುರೇನಿಯಂ. ಒಂದು ಘನ ಸೆಂಟಿಮೀಟರಿಗೆ 19 ಗ್ರಾಂ ತೂಗುವ, ಸೀಸದ ಸುಮಾರು 1.7 ಪಟ್ಟು ಸಾಂದ್ರವಾದ ಲೋಹ ಅದು; ಆದ್ದರಿಂದ ಚಿಕ್ಕ ಪೆಟ್ಟಿಗೆಯಲ್ಲೇ ಕೆಲಸ ಮುಗಿಯುತ್ತದೆ. ವಿಕಿರಣದಿಂದ ನಮ್ಮನ್ನು ಕಾಪಾಡುವ ಗೋಡೆಯನ್ನೇ ಯುರೇನಿಯಂನಿಂದ ಕಟ್ಟಿದ್ದಾರೆ ಎಂದರೆ ಹೊಸಬರು ನಂಬುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ಯಾವ ಯಾರ್ಡ್ ಎಂಬುದು ಬೇಡ. ಸೋರ್ಸ್ ಹಳೆಯದಾಗಿ ವಾಪಸು ಕಳುಹಿಸಿದ ಮೇಲೆ ಖಾಲಿ ಕ್ಯಾಮೆರಾ ಸ್ಟೋರಿನಲ್ಲಿತ್ತು. ಅದರ ಬದಿಯ ತಗಡಿನ ಮೇಲೆ ಒಳಗಿನ ಲೋಹ ಯುರೇನಿಯಂ ಎಂದು ಬರೆದಿರುತ್ತದೆ. ಬಣ್ಣ ಹೊಡೆಯಲು ಬಂದ ಹುಡುಗನೊಬ್ಬ ಅದನ್ನು ಓದಿ ಕೂಗಿದ. ಐದು ನಿಮಿಷದಲ್ಲಿ ಇಡೀ ಶೆಡ್ ಖಾಲಿ. ಮಧ್ಯಾಹ್ನದವರೆಗೆ ಯಾರೂ ಒಳಗೆ ಕಾಲಿಡಲಿಲ್ಲ. ನಾನು ವಿಕಿರಣ ಅಳೆಯುವ ಮೀಟರ್ ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು, ಮುಳ್ಳು ಹೆಚ್ಚುಕಡಿಮೆ ಅಲ್ಲಾಡದಿರುವುದನ್ನು ಒಬ್ಬೊಬ್ಬರನ್ನೇ ಕರೆದು ತೋರಿಸಬೇಕಾಯಿತು.

ಇದರಲ್ಲಿ ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಅದಕ್ಕೆ ಒಂದು ತಿಂಗಳ ಹಿಂದೆ ಅದೇ ಯಾರ್ಡಿನಲ್ಲಿ ಇರಿಡಿಯಂ ಸೋರ್ಸ್ ಹೊರಗೆ ತೆರೆದುಕೊಂಡಿದ್ದ ಹೊತ್ತಿನಲ್ಲಿ ನಾವು ಕಟ್ಟಿದ ಹಳದಿ ಹಗ್ಗವನ್ನು ದಾಟಿ, ಚಹಾ ಕುಡಿಯಲು ಹತ್ತಿರದ ದಾರಿ ಎಂದು ನಡೆದುಹೋದವರು ಇದೇ ಜನ. ಅರ್ಧಾಯುಷ್ಯ 74 ದಿನದ, ಕೈಯಲ್ಲಿ ಹಿಡಿದರೆ ಬೆರಳು ಕಳೆದುಕೊಳ್ಳುವಂಥ ಇರಿಡಿಯಂ ಅವರಿಗೆ ಹೆದರಿಕೆ ಹುಟ್ಟಿಸಲಿಲ್ಲ. ಅದನ್ನು ತಡೆದು ನಿಲ್ಲಿಸುವ ಯುರೇನಿಯಂ ಹುಟ್ಟಿಸಿತು. ಇರಿಡಿಯಂ ಎಂಬ ಹೆಸರನ್ನು ಅವರು ಯಾವ ಸುದ್ದಿಯಲ್ಲೂ ಕೇಳಿರಲಿಲ್ಲ.

ಪದಚಿಂತಕ

ಅರ್ಧ ತಪ್ಪು ಭಾಷೆಯದು. ಕನ್ನಡ ಪತ್ರಿಕೆಗಳಲ್ಲಿ ಇದನ್ನು ‘ದುರ್ಬಲ ಯುರೇನಿಯಂ’, ‘ಬರಿದಾದ ಯುರೇನಿಯಂ’, ‘ಸತ್ವ ಕಳೆದುಕೊಂಡ ಯುರೇನಿಯಂ’ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದನ್ನು ಕಂಡಿದ್ದೇನೆ. ‘ಬರಿದಾದ’ ಎಂದ ಕೂಡಲೇ ಕಣಜ ಬರಿದಾಯಿತು, ಕೆರೆ ಬರಿದಾಯಿತು ಎಂಬ ಅರ್ಥವೇ ಬರುತ್ತದೆ. ಉಪನ್ಯಾಸಕರ ಸಹೋದ್ಯೋಗಿ ಎಡವಿದ್ದೂ ಅಲ್ಲೇ. ಬರಿದಾದದ್ದು ಯಾವುದು ಎಂದು ಪದ ಹೇಳುವುದಿಲ್ಲ.

ತುಂಗಾತೀರದ ಉಪನ್ಯಾಸಕ

ನಿಮ್ಮ ಮಾತು ನಿಜ. ಬರಿದಾದದ್ದು ಯುರೇನಿಯಂ-235 ಎಂಬ ತುಸು ಹಗುರವಾದ ಬಗೆ. ಗಣಿಯ ಯುರೇನಿಯಂನಲ್ಲಿ ಅದು ಶೇ 0.7ರಷ್ಟು ಇರುತ್ತದೆ, ಉಳಿದದ್ದೆಲ್ಲ ಹೆಚ್ಚುಕಡಿಮೆ ಯುರೇನಿಯಂ-238. ಹಲವು ಬಗೆಯ ರಿಯಾಕ್ಟರುಗಳಿಗೂ ಬಾಂಬಿಗೂ 235ರ ಪ್ರಮಾಣ ಹೆಚ್ಚಬೇಕು. ಅದನ್ನು ಒಂದು ಕಡೆ ಹೆಚ್ಚಿಸುತ್ತ ಹೋದಂತೆ ಇನ್ನೊಂದು ಕಡೆ ಶೇ 0.2ರಿಂದ 0.3ರಷ್ಟು ಮಾತ್ರ 235 ಇರುವ ಯುರೇನಿಯಂ ಉಳಿಯುತ್ತದೆ. ಅದೇ ಇದು. ಬೆಣ್ಣೆ ತೆಗೆದ ಮಜ್ಜಿಗೆ ಎಂದರೆ ನಮ್ಮ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಮಜ್ಜಿಗೆಯಲ್ಲಿ ಬೆಣ್ಣೆ ಇಲ್ಲ, ಆದರೆ ಅದು ನೀರಲ್ಲ. ಇದರಿಂದ ಅಣುಬಾಂಬು ಸಿಡಿಯುವುದಿಲ್ಲ. ಹಾಗೆಂದು ವಿಕಿರಣ ಇಲ್ಲದೆಯೂ ಇಲ್ಲ. ಶುದ್ಧೀಕರಿಸಿದ ನೈಸರ್ಗಿಕ ಯುರೇನಿಯಂನ ಶೇ 60ರಷ್ಟು ವಿಕಿರಣಶೀಲತೆ ಇದರಲ್ಲಿ ಉಳಿದಿರುತ್ತದೆ.

ಪ್ರಶ್ನಾರ್ಥಕ

ತೆಗೆದದ್ದು ಶೇ ಅರ್ಧಕ್ಕಿಂತ ಕಡಿಮೆ, ಆದರೆ ವಿಕಿರಣ ಶೇ 40 ಇಳಿಯಿತು ಎನ್ನುತ್ತೀರಿ. ಲೆಕ್ಕ ಹೊಂದುತ್ತಿಲ್ಲವಲ್ಲ?

ಸರ್ವೆಮೀಟರ್

ಯುರೇನಿಯಂ-234 ಎಂಬ ಮೂರನೆಯದೊಂದು ಇದೆ. ತೂಕದಲ್ಲಿ ಅದು ಶೇ 0.0055 ಮಾತ್ರ, ಆದರೆ ಅದರ ಅರ್ಧಾಯುಷ್ಯ ಕೇವಲ ಎರಡೂವರೆ ಲಕ್ಷ ವರ್ಷವಾದ್ದರಿಂದ ನೈಸರ್ಗಿಕ ಯುರೇನಿಯಂನ ವಿಕಿರಣಶೀಲತೆಯಲ್ಲಿ ಹತ್ತಿರ ಹತ್ತಿರ ಅರ್ಧಪಾಲು ಅದರದೇ. ಹಗುರವಾದ 235ನ್ನು ಬೇರ್ಪಡಿಸುವಾಗ ಇನ್ನೂ ಹಗುರವಾದ 234 ಕೂಡ ಅದರ ಜೊತೆಗೇ ಹೊರಟುಹೋಗುತ್ತದೆ.

ಇನ್ನೊಂದು ತಿದ್ದುಪಡಿ, ಸರ್. ‘ನೈಸರ್ಗಿಕ ಯುರೇನಿಯಂನ ಶೇ 60’ ಎಂಬುದು ಶುದ್ಧ ಲೋಹಕ್ಕೆ ಹೋಲಿಸಿದ ಮಾತು ಎಂದು ನೀವು ಸರಿಯಾಗಿಯೇ ಬರೆದಿದ್ದೀರಿ, ಆದರೆ ಓದುಗರು ಅದನ್ನು ಗಣಿಯ ಅದಿರು ಎಂದುಕೊಳ್ಳುತ್ತಾರೆ. ಅದಿರಿನಲ್ಲಿ ಯುರೇನಿಯಂ ಒಡೆದು ಹುಟ್ಟುವ ರೇಡಿಯಂ, ರೇಡಾನ್ ಮೊದಲಾದ ಸಂತತಿಯೆಲ್ಲ ಒಟ್ಟಿಗಿರುತ್ತದೆ. ಶುದ್ಧೀಕರಿಸುವಾಗ ಅವು ಹೋಗುತ್ತವೆ ಮತ್ತು ಮರಳಿ ಹುಟ್ಟಲು ಲಕ್ಷಾಂತರ ವರ್ಷ ಬೇಕು. ಅಂದರೆ ಅದೇ ತೂಕದ ಯುರೇನಿಯಂ ಇರುವ ಅದಿರಿಗೆ ಹೋಲಿಸಿದರೆ ಇದರ ವಿಕಿರಣ ಇನ್ನೂ ಬಹಳ ಕಡಿಮೆ.

ಅರಬ್ಬಿಕಡಲು

ನಿಮ್ಮ ಲೆಕ್ಕಗಳು ಸರಿ ಇರಬಹುದು. ಆದರೆ ಇಲ್ಲಿ ಮಾತು ಹೋಗುತ್ತಿರುವ ದಿಕ್ಕು ನನಗೆ ಒಪ್ಪಿಗೆಯಾಗುತ್ತಿಲ್ಲ. ನಾನು 1992ರಿಂದ ಹನ್ನೊಂದು ವರ್ಷ ಕುವೈತಿನಲ್ಲಿ ಲಾರಿ ವರ್ಕ್‌ಶಾಪಿನಲ್ಲಿದ್ದೆ. ಕೊಲ್ಲಿ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಮರುಭೂಮಿಯಲ್ಲಿ ಸುಟ್ಟ ಟ್ಯಾಂಕುಗಳನ್ನು ಸಾಲಾಗಿ ತಂದು ನಿಲ್ಲಿಸಿದ ಬಯಲುಗಳಿದ್ದವು. ಶುಕ್ರವಾರ ರಜೆಯಲ್ಲಿ ನಾವು ಹುಡುಗರು ಅವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಊರಿಗೆ ಕಳುಹಿಸಿದ್ದೇವೆ. ಒಳಗೆ ಇಳಿದು ನೋಡಿದ್ದೇವೆ. ಕೈಗೆ ಕಪ್ಪು ಮಸಿ ಅಂಟುತ್ತಿತ್ತು, ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆವು. ಅದು ಬರೀ ಮಸಿಯೋ, ಬೇರೇನಾದರೂ ಇತ್ತೋ, ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಆ ಯುದ್ಧದಲ್ಲಿ ಸುಮಾರು 300 ಟನ್ ಈ ಲೋಹ ಬಳಸಿದ್ದರು ಎಂದು ನಾನು ಓದಿದ್ದು ಊರಿಗೆ ಬಂದ ಮೇಲೆ.

1991ರ ಜುಲೈ 11ರಂದು ಕುವೈತಿನ ದೋಹಾ ಸೇನಾ ಶಿಬಿರದಲ್ಲಿ ಬೆಂಕಿ ಬಿದ್ದು, ಯುರೇನಿಯಂ ಮದ್ದುಗುಂಡು ತುಂಬಿದ್ದ ಅಮೆರಿಕದ ಟ್ಯಾಂಕುಗಳೇ ಉರಿದುಹೋದವು. ‘ವಿಕಿರಣ ಕಡಿಮೆ, ಚರ್ಮವೂ ದಾಟುವುದಿಲ್ಲ’ ಎಂದು ಹೇಳುವವರು ಆ ಮಸಿಯ ಬಗ್ಗೆ ಏನು ಹೇಳುತ್ತಾರೆ? ಗಟ್ಟಿ ಲೋಹವನ್ನು ತೋರಿಸಿ ಪುಡಿಗೆ ಉತ್ತರ ಕೊಡಬೇಡಿ.

ಡಾಕ್ಟರಮ್ಮ ಹಾಸನ

ನಿಮ್ಮ ಕೊನೆಯ ವಾಕ್ಯ ಈ ಚರ್ಚೆಯಲ್ಲಿ ಎಲ್ಲರಿಗಿಂತ ಮೊದಲು ಬರಬೇಕಾಗಿತ್ತು, ಅಣ್ಣ. ಕಬ್ಬಿಣದಂತಲ್ಲದೆ ಯುರೇನಿಯಂ ಬಡಿತದ ಬಿಸಿಗೆ ತಾನೇ ಹೊತ್ತಿಕೊಳ್ಳುವ ಲೋಹ. ಟ್ಯಾಂಕಿನ ಕವಚಕ್ಕೆ ಬಡಿದಾಗ ಅದರ ಒಂದು ಭಾಗ ಸುಟ್ಟು ಆಕ್ಸೈಡಿನ ನುಣ್ಣನೆಯ ಧೂಳಾಗುತ್ತದೆ. ಯುರೇನಿಯಂ ಹೊರಸೂಸುವ ಆಲ್ಫಾ ಕಣ ಕಾಗದವನ್ನೂ ದಾಟುವುದಿಲ್ಲ ಎಂಬ ಪಠ್ಯದ ಮಾತು ಹೊರಗಿನ ಚರ್ಮಕ್ಕೆ ಸರಿ. ಶ್ವಾಸಕೋಶದ ಒಳಪದರದಲ್ಲಿ ಕುಳಿತ ಕಣಕ್ಕೂ ಜೀವಕೋಶಕ್ಕೂ ನಡುವೆ ಕಾಗದವಿರುವುದಿಲ್ಲ. ವಿದ್ಯಾರ್ಥಿನಿ ಕೇಳಿದ ‘ಹೊಟ್ಟೆಯೊಳಗಿನ ಕೊಡ’ ಅದೇ.

ಎರಡನೆಯದು, ನನ್ನ ಕ್ಷೇತ್ರಕ್ಕೆ ಸೇರಿದ್ದು. ಯುರೇನಿಯಂ ಒಂದು ಭಾರಲೋಹ. ಸೀಸ, ಕ್ಯಾಡ್ಮಿಯಂಗಳ ಹಾಗೆ ಅದು ರಾಸಾಯನಿಕವಾಗಿಯೇ ವಿಷ. ಅದರ ಪೆಟ್ಟು ಮೂತ್ರಪಿಂಡದ ಸೂಕ್ಷ್ಮನಾಳಗಳಿಗೆ. ನುಂಗಿದ್ದರಲ್ಲಿ ಶೇ 95ಕ್ಕಿಂತ ಹೆಚ್ಚು ಭಾಗ ಮಲದಲ್ಲಿ ಹೋಗುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಮೂರನೇ ಎರಡು ಭಾಗ ಒಂದೇ ದಿನದಲ್ಲಿ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ. ಹೋಗುವಾಗ ಹಾಯುವ ದಾರಿಯೇ ಪೆಟ್ಟು ತಿನ್ನುವ ಜಾಗ. 235 ಇದ್ದರೂ ಇಲ್ಲದಿದ್ದರೂ ಈ ವಿಷದ ಗುಣ ಒಂದೇ. ಆದ್ದರಿಂದ ‘ಬರಿದು ಮಾಡಿದ್ದು’ ಇದನ್ನು ಒಂದಿಷ್ಟೂ ಕಡಿಮೆ ಮಾಡಿಲ್ಲ. ಜನ ಹೆದರುವುದು ಕ್ಯಾನ್ಸರಿಗೆ. ಹೆಚ್ಚಿನ ಪ್ರಮಾಣ ಒಳಹೊಕ್ಕಾಗ ವೈದ್ಯರು ಮೊದಲು ನೋಡುವುದು ಮೂತ್ರಪಿಂಡವನ್ನು.

ಇಷ್ಟು ಹೇಳಿ ಇದನ್ನೂ ಹೇಳಬೇಕು. 1991ರಲ್ಲಿ ತಮ್ಮವರದೇ ಗುಂಡು ತಪ್ಪಿ ಬಡಿದು, ಯುರೇನಿಯಂ ಚೂರುಗಳನ್ನು ಮೈಯೊಳಗೆ ಹೊತ್ತುಕೊಂಡೇ ಉಳಿದ ಅಮೆರಿಕದ ಸೈನಿಕರನ್ನು ಬಾಲ್ಟಿಮೋರಿನ ವೈದ್ಯರು 1993ರಿಂದ ನಿರಂತರವಾಗಿ ಪರೀಕ್ಷಿಸುತ್ತ ಬಂದಿದ್ದಾರೆ. ದಶಕಗಳ ನಂತರವೂ ಅವರ ಮೂತ್ರದಲ್ಲಿ ಯುರೇನಿಯಂ ಮಾಮೂಲಿಗಿಂತ ಹೆಚ್ಚಿದೆ. ಆದರೂ ಅದರಿಂದಲೇ ಆದದ್ದು ಎನ್ನಬಹುದಾದ ಸ್ಪಷ್ಟ ಮೂತ್ರಪಿಂಡ ರೋಗ ಅವರಲ್ಲಿ ಕಂಡುಬಂದಿಲ್ಲ.

ಅರಬ್ಬಿಕಡಲು

ಮೇಡಂ, ನಿಮ್ಮ ಮಾತಿಗೆ ಗೌರವವಿದೆ. ಆದರೆ ಅವರು ಬೆರಳೆಣಿಕೆಯ ಗಟ್ಟಿಮುಟ್ಟಾದ ಯುವಕರು. ವರ್ಷ ವರ್ಷ ತಪಾಸಣೆ ಸಿಗುತ್ತಿದೆ. ಇರಾಕಿನ ಬಸ್ರಾದಲ್ಲಿ ಸುಟ್ಟ ಟ್ಯಾಂಕಿನ ಪಕ್ಕ ಆಡಿಕೊಂಡ ಮಗುವಿಗೆ ಯಾವ ತಪಾಸಣೆ ಸಿಕ್ಕಿತು? ಅಲ್ಲಿ ಅಂಗವಿಕಲ ಶಿಶುಗಳು ಹೆಚ್ಚು ಹುಟ್ಟುತ್ತಿವೆ ಎಂದು ಅಲ್ಲಿನ ವೈದ್ಯರೇ ಹೇಳುತ್ತ ಬಂದಿದ್ದಾರೆ.

ಡಾಕ್ಟರಮ್ಮ ಹಾಸನ

ಆ ಮಗುವಿಗೆ ತಪಾಸಣೆ ಸಿಗಲಿಲ್ಲ ಎಂಬುದೇ ನಿಜವಾದ ಅನ್ಯಾಯ, ಅದರಲ್ಲಿ ನನ್ನ ತಕರಾರಿಲ್ಲ. ಯುದ್ಧಕ್ಕೆ ಮುಂಚಿನ ನಂಬಬಹುದಾದ ದಾಖಲೆ ಇಲ್ಲದ ಕಡೆ ಎಷ್ಟು ಹೆಚ್ಚಾಯಿತು ಎಂದು ಅಳೆಯುವುದು ಕಷ್ಟ. ಹೆಚ್ಚಾಗಿದ್ದರೂ, ಅದೇ ವರ್ಷಗಳಲ್ಲಿ ಉರಿದ ತೈಲಬಾವಿಗಳ ಹೊಗೆ, ದಿಗ್ಬಂಧನದ ಹಸಿವು, ಕೆಟ್ಟ ನೀರು, ಸೀಸದಂಥ ಇತರ ಲೋಹಗಳು ಎಲ್ಲವೂ ಒಂದೇ ತಾಯಿಯ ಮೇಲೆ ಎರಗಿವೆ. ಯುರೇನಿಯಂ ಒಂದರ ಮೇಲೆ ಹೊರೆ ಹೊರಿಸಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಬ್ರಿಟನ್ನಿನ ರಾಯಲ್ ಸೊಸೈಟಿ 2001 ಮತ್ತು 2002ರಲ್ಲಿ ಪ್ರಕಟಿಸಿದ ವರದಿಗಳು ಕೂಡ ಬಹುತೇಕ ಸೈನಿಕರಿಗೆ ಅಪಾಯ ತೀರಾ ಕಡಿಮೆ ಎಂದವು. ಆದರೆ ಗುಂಡು ಬಡಿದ ವಾಹನದೊಳಗೇ ಇದ್ದು ಬದುಕಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಬಹುದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು ಎಂದು ಬೇರೆಯಾಗಿಯೇ ಹೇಳಿದವು. ‘ಅಪಾಯವಿದೆಯೇ’ ಎಂದು ಕೇಳಿದರೆ ಉತ್ತರವಿಲ್ಲ. ಯಾರಿಗೆ, ಎಷ್ಟು, ಯಾವ ದಾರಿಯಲ್ಲಿ ಒಳಹೊಕ್ಕಿತು ಎಂದು ಕೇಳಿದರೆ ಉತ್ತರವಿದೆ.

ಆಮ್ಸ್ಟೆಲ್ವೇನ್ ಕನ್ನಡಿಗ

ನಾನು ಇರುವ ಊರಿನಿಂದ ಸ್ವಲ್ಪ ದೂರದಲ್ಲೇ, ನೆದರ್ಲೆಂಡ್ಸಿನ ಆಮ್ಸ್ಟರ್ಡ್ಯಾಮ್ ನಗರದ ಬೈಲ್ಮರ್ ಬಡಾವಣೆ ಇದೆ. 1992ರ ಅಕ್ಟೋಬರ್ 4ರ ಸಂಜೆ ಇಸ್ರೇಲಿನ ಎಲ್ ಆಲ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನ ಅಲ್ಲಿನ ವಸತಿ ಕಟ್ಟಡಗಳಿಗೆ ಅಪ್ಪಳಿಸಿ 43 ಮಂದಿ ತೀರಿಕೊಂಡರು. ಆ ವಿಮಾನದ ಬಾಲದಲ್ಲಿ ತೂಕ ಸರಿದೂಗಿಸಲು 282 ಕಿಲೋ ಡಿಪ್ಲೀಟೆಡ್ ಯುರೇನಿಯಂ ಇತ್ತು. ಆ ಕಾಲದ ದೊಡ್ಡ ವಿಮಾನಗಳಲ್ಲಿ ಅದು ಮಾಮೂಲಿ. ಅವಶೇಷಗಳನ್ನು ಜಾಲಾಡಿದ ಮೇಲೂ 152 ಕಿಲೋ ಸಿಗಲಿಲ್ಲ.

ರಕ್ಷಣಾ ಕಾರ್ಯಕ್ಕೆ ಹೋದವರು, ಅವಶೇಷ ಇಟ್ಟಿದ್ದ ಹ್ಯಾಂಗರಿನಲ್ಲಿ ದುಡಿದವರು, ಅಕ್ಕಪಕ್ಕದ ನಿವಾಸಿಗಳು ವರ್ಷಗಳ ಕಾಲ ಸುಸ್ತು, ಉಸಿರಾಟದ ತೊಂದರೆ, ಚರ್ಮದ ತೊಂದರೆ ಎಂದು ದೂರುತ್ತ ಬಂದರು. ಸರಕಿನ ಪಟ್ಟಿ ಪೂರ್ತಿಯಾಗಿ ಹೊರಗೆ ಬರಲಿಲ್ಲ. ಅದರಲ್ಲಿ ನರಾನಿಲ (ನರಮಂಡಲವನ್ನು ಕೆಡಿಸುವ ವಿಷಾನಿಲ) ತಯಾರಿಕೆಗೂ ಬಳಸಬಹುದಾದ ರಾಸಾಯನಿಕವೊಂದಿತ್ತು ಎಂಬುದು ಬಹಿರಂಗವಾದದ್ದು 1998ರಲ್ಲಿ. 1999ರಲ್ಲಿ ಸಂಸತ್ತಿನ ವಿಚಾರಣೆ ನಡೆಯಿತು. ಮುಂದೆ ಆ ಕೆಲಸಗಾರರ ಮೇಲೆ ನಡೆದ ಅಧ್ಯಯನಗಳಲ್ಲಿ ಅವರ ದೂರುಗಳಿಗೂ ಯುರೇನಿಯಂಗೂ ನಂಟು ಸಿಗಲಿಲ್ಲ. ಆದರೆ ಇಲ್ಲಿನ ಹಳಬರ ಜೊತೆ ಮಾತಾಡಿ ನೋಡಿ, ಇಂದಿಗೂ ಯಾರೂ ಅಧ್ಯಯನದ ಮಾತು ಎತ್ತುವುದಿಲ್ಲ. ಏನಿತ್ತು ಎಂದು ಕೇಳಿದಾಗ ಹೇಳಲಿಲ್ಲ ಎಂಬುದೇ ಅವರ ಮಾತು. ದುರಂತವನ್ನು ಕಂಡು ಉಳಿದ ಮರವೊಂದನ್ನು ಅಲ್ಲಿ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕಳೆದ ಅಕ್ಟೋಬರಿನಲ್ಲಿ ನಾನು ಹೋದಾಗ ಅದರ ಬುಡದಲ್ಲಿ ಹೂವಿತ್ತು.

ಅರಬ್ಬಿಕಡಲು

ನಾನು ಹೇಳಲು ಒದ್ದಾಡುತ್ತಿದ್ದುದು ಇದೇ.

ಸುದ್ದಿಮನೆ

ಪತ್ರಿಕೆಯ ಡೆಸ್ಕಿನಲ್ಲಿ ಕುಳಿತವರ ಕಡೆಯಿಂದ ನಾನೂ ಒಂದಿಷ್ಟು ಹೇಳಬೇಕು, ಏಕೆಂದರೆ ಈ ಗೊಂದಲದಲ್ಲಿ ನಮ್ಮ ಪಾಲು ದೊಡ್ಡದು. 2016ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು 8.86 ಕಿಲೋ ಡಿಪ್ಲೀಟೆಡ್ ಯುರೇನಿಯಂ ವಶಪಡಿಸಿಕೊಂಡರು. ಬೆಲೆ 24 ಕೋಟಿ ಎಂದು ಸುದ್ದಿಸಂಸ್ಥೆಗಳ ವರದಿ ಬಂತು. ನಾನು ರಾತ್ರಿ ಪಾಳಿಯಲ್ಲಿದ್ದೆ. ಶೀರ್ಷಿಕೆಯಲ್ಲಿ ‘ಅಣುಬಾಂಬ್‌ ಕಚ್ಚಾವಸ್ತು’ ಎಂದು ಹಾಕಿದೆ. ಆ ಲೋಹದಿಂದ ಬಾಂಬಿನ ಸರಪಳಿ ಕ್ರಿಯೆ ನಡೆಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ಕೇಳಲು ಹೊತ್ತೂ ಇರಲಿಲ್ಲ. ಆ ಬೆಲೆಗೆ ಕೊಳ್ಳುವವರು ಯಾರು ಎಂಬ ಸರಳ ಪ್ರಶ್ನೆಯನ್ನೂ ನಾನು ಹಾಕಿಕೊಳ್ಳಲಿಲ್ಲ. 2021ರ ಜೂನಿನಲ್ಲಿ ಬೊಕಾರೊದಲ್ಲಿ ಸಿಕ್ಕಿತೆಂದ ಆರು ಕಿಲೋಗೂ ಮೀರಿದ ‘ಯುರೇನಿಯಂ’ ಪರೀಕ್ಷೆಯ ಬಳಿಕ ಯುರೇನಿಯಂ ಅಲ್ಲವೇ ಅಲ್ಲ ಎಂದಾಯಿತು. ಮೊದಲ ಸುದ್ದಿ ಮುಖಪುಟಕ್ಕೆ ಹೋಯಿತು, ಎರಡನೆಯದು ಒಳಪುಟದ ಮೂಲೆಗೆ. ಬೆದರಿದ ಓದುಗನಿಗೆ ಒಳಪುಟ ಕಾಣುವುದಿಲ್ಲ.

ಬೋರ್‌ವೆಲ್ ಚಿಂತಾಮಣಿ

ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಇದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಯಾವುದೋ ಕಾರ್ಖಾನೆಯವರು ಈ ಡಿಪ್ಲೀಟೆಡ್ ಯುರೇನಿಯಂ ತಂದು ಸುರಿದಿದ್ದಾರೆ ಎಂದು ವಾಟ್ಸಾಪಿನಲ್ಲಿ ಹರಿದಾಡಿತು. ನಿಜವೇ? ತಿಳಿದವರು ಹೇಳಿ.

ಸರ್ವೆಮೀಟರ್

ಅಲ್ಲ, ಗೌಡರೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನೆಲದಡಿ ಇರುವುದು ಗ್ರಾನೈಟ್ ಬಂಡೆ. ಅದರಲ್ಲಿ ಯುರೇನಿಯಂ ಹುಟ್ಟಿನಿಂದಲೇ ಇದೆ. ಸಾವಿರ ಅಡಿ ಕೊರೆದು ಬಂಡೆಯ ಬಿರುಕಿನ ಹಳೆಯ ನೀರನ್ನು ಎತ್ತಿದಾಗ ಕರಗಿದ ಯುರೇನಿಯಂ ಜೊತೆಗೆ ಬರುತ್ತದೆ. ಇದು ನೈಸರ್ಗಿಕ ಯುರೇನಿಯಂ. ಪ್ರಯೋಗಾಲಯದಲ್ಲಿ 235ರ ಪಾಲು ಅಳೆದರೆ ಎರಡನ್ನೂ ಬೇರ್ಪಡಿಸಿ ಹೇಳಬಹುದು. ಶೇ 0.7 ಇದ್ದರೆ ಬಂಡೆಯದು, 0.2 ಇದ್ದರೆ ಮನುಷ್ಯರು ಬೇರ್ಪಡಿಸಿ ಬಿಟ್ಟದ್ದು.

ಇದೇ ಗೊಂದಲ ಪಂಜಾಬಿನಲ್ಲೂ ಆಗಿತ್ತು. 2009ರಲ್ಲಿ ಫರೀದ್‌ಕೋಟಿನ ಅಂಗವಿಕಲ ಮಕ್ಕಳ ಕೂದಲಿನಲ್ಲಿ ಯುರೇನಿಯಂ ಹೆಚ್ಚಿದೆ ಎಂದು ಗೊತ್ತಾದಾಗ, ಆಫ್ಘಾನಿಸ್ತಾನದ ಯುದ್ಧದ ಡಿಪ್ಲೀಟೆಡ್ ಯುರೇನಿಯಂ ಗಾಳಿಯಲ್ಲಿ ಹಾರಿ ಬಂದಿದೆ ಎಂದು ಹಲವರು ಬರೆದರು. ಮುಂದಿನ ಪರೀಕ್ಷೆಗಳು ಬೆರಳು ತೋರಿಸಿದ್ದು ಅಲ್ಲಿನ ಅಂತರ್ಜಲದ ನೈಸರ್ಗಿಕ ಯುರೇನಿಯಂ ಕಡೆಗೆ.

ಬೋರ್‌ವೆಲ್ ಚಿಂತಾಮಣಿ

ಹಾಗಾದರೆ ನೈಸರ್ಗಿಕ ಎಂದರೆ ಕುಡಿಯಬಹುದೇ?

ಡಾಕ್ಟರಮ್ಮ ಹಾಸನ

ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಈ ಮಿತಿಯನ್ನು ಇಟ್ಟಿರುವುದು ವಿಕಿರಣದ ಲೆಕ್ಕದಿಂದಲ್ಲ, ಮೂತ್ರಪಿಂಡಕ್ಕಾಗುವ ರಾಸಾಯನಿಕ ಪೆಟ್ಟಿನ ಲೆಕ್ಕದಿಂದ ಎಂಬುದನ್ನು ಎಲ್ಲರೂ ಗಮನಿಸಬೇಕು. ಆರ್‌ಒ ಘಟಕ ಸರಿಯಾಗಿದ್ದರೆ ಅದು ಯುರೇನಿಯಂ ಅನ್ನು ಬಹುಪಾಲು ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಪೊರೆಯನ್ನು ಕಡೆಯ ಸಲ ಯಾವಾಗ ಬದಲಿಸಿದರು ಎಂದು ಪಂಚಾಯಿತಿಯಲ್ಲಿ ಕೇಳಿ. ನೀರು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ.

ಪ್ರಶ್ನಾರ್ಥಕ

2023ರ ಮೇ ತಿಂಗಳಲ್ಲಿ ಉಕ್ರೇನಿನ ಖ್ಮೆಲ್ನಿಟ್ಸ್ಕಿ ಬಳಿ ಮದ್ದುಗುಂಡು ಉಗ್ರಾಣ ಸ್ಫೋಟಗೊಂಡಾಗ ವಿಕಿರಣದ ಮೋಡವೇ ಎದ್ದಿತಲ್ಲ? ಪೋಲೆಂಡಿನಲ್ಲಿ ಮಾಪಕಗಳು ಏರಿದ ಚಿತ್ರವನ್ನು ನಾನೇ ನೋಡಿದ್ದೇನೆ.

ತುಂಗಾತೀರದ ಉಪನ್ಯಾಸಕ

ಆ ಮೋಡದ ಮಾತನ್ನು ರಷ್ಯಾದ ಭದ್ರತಾ ಮಂಡಳಿಯ ಅಂದಿನ ಕಾರ್ಯದರ್ಶಿ ಪತ್ರುಶೇವ್ ಅವರೇ ಆಡಿದ್ದರು. ಪೋಲೆಂಡಿನ ಪರಮಾಣು ಸಂಸ್ಥೆ ಅದನ್ನು ನಿರಾಕರಿಸಿತು. ನೀವು ನೋಡಿದ್ದು ಬಹುಶಃ ಲುಬ್ಲಿನ್ ನಗರದ ಮಾಪನದ ಚಿತ್ರವಿರಬೇಕು. ಅದರಲ್ಲಿ ಏರಿದ್ದು ಬಿಸ್ಮತ್. ಬಿಸ್ಮತ್ ಹುಟ್ಟುವುದು ರೇಡಾನ್ ಅನಿಲದಿಂದ, ರೇಡಾನ್ ನೆಲದಿಂದ. ಮಳೆ ಬಂದಾಗ ಗಾಳಿಯಲ್ಲಿರುವ ಅದರ ಸಂತತಿ ತೊಳೆದು ಕೆಳಗಿಳಿದು ಮಾಪಕ ಏರುವುದು ಸಾಮಾನ್ಯ. ಸರ್ವೆಮೀಟರ್ ಅವರು ಮೇಲೆ ಬರೆದ ಹಾಗೆ ಶುದ್ಧೀಕರಿಸಿದ ಯುರೇನಿಯಂನಲ್ಲಿ ರೇಡಾನ್ ಮರಳಿ ಹುಟ್ಟಲು ಲಕ್ಷಾಂತರ ವರ್ಷ ಬೇಕು. ಆದ್ದರಿಂದ ಆ ಚಿತ್ರ ಡಿಪ್ಲೀಟೆಡ್ ಯುರೇನಿಯಂಗೆ ಸಾಕ್ಷಿಯಾಗಲಾರದು.

ಆ ಸ್ಫೋಟಕ್ಕೆ ಎರಡು ತಿಂಗಳ ಹಿಂದೆ, ಅಂದರೆ ಮಾರ್ಚ್ 2023ರಲ್ಲಿ, ಬ್ರಿಟನ್ ಈ ಗುಂಡುಗಳನ್ನು ಕೊಡುವುದಾಗಿ ಹೇಳಿದಾಗ ಪುಟಿನ್ ಅವರು ‘ಪರಮಾಣು ಅಂಶ’ವುಳ್ಳ ಶಸ್ತ್ರ ಎಂದು ಕರೆದರು. ಇಂಥ ಮದ್ದುಗುಂಡು ರಷ್ಯಾದ ಬಳಿಯೂ ಇದೆ. ಮಾತು ತಾಂತ್ರಿಕವಾಗಿ ಪೂರ್ತಿ ಸುಳ್ಳಲ್ಲ, ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಪೂರ್ತಿ ತಪ್ಪು. ಇದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ನಾನು ಒಂದು ಲೆಕ್ಕ ಮಾಡಿದೆ. ಸಾಧಾರಣ ಮಣ್ಣಿನಲ್ಲಿ ಟನ್ನಿಗೆ ಸುಮಾರು 3 ಗ್ರಾಂ ಯುರೇನಿಯಂ ಇರುತ್ತದೆ. ಒಂದು ಎಕರೆ ಹೊಲದ ಮೇಲಿನ ಒಂದು ಅಡಿ ಮಣ್ಣಿನಲ್ಲಿ ಸುಮಾರು 5 ಕಿಲೋ ಆಯಿತು. ಅಮೆರಿಕದ ಎ-10 ಯುದ್ಧವಿಮಾನದ ಒಂದು ಗುಂಡಿನಲ್ಲಿರುವುದು ಸುಮಾರು 300 ಗ್ರಾಂ. ಇದನ್ನು ತರಗತಿಯಲ್ಲಿ ಹೇಳೋಣವೆಂದಿದ್ದೇನೆ.

ಅರಬ್ಬಿಕಡಲು

ಆ ಲೆಕ್ಕ ಹೇಳಬೇಡಿ ಸರ್, ದಯವಿಟ್ಟು. ಹೊಲದಲ್ಲಿ ಹರಡಿರುವ 5 ಕಿಲೋ ಮಣ್ಣಿನ ಕಣಕಣದೊಳಗೆ ಕಟ್ಟಿಹೋಗಿದೆ. ಆ 300 ಗ್ರಾಂ ಒಂದೇ ಕಡೆ ಬೀಳುತ್ತದೆ, ಒಂದಿಷ್ಟು ಉಸಿರಿಗೆ ಸಿಗುವ ಧೂಳಾಗುತ್ತದೆ, ಮಗು ಆ ಗುಂಡನ್ನು ಆಟಿಕೆಯೆಂದು ಎತ್ತಿ ಜೇಬಿಗೆ ಹಾಕಿಕೊಳ್ಳುತ್ತದೆ. ಮನೆಯ ಉಪ್ಪಿನ ಡಬ್ಬಿಯಲ್ಲೂ ಸಮುದ್ರದಲ್ಲೂ ಉಪ್ಪಿದೆ ಎಂದು ಗಾಯದ ಮೇಲೆ ಉಪ್ಪು ಸುರಿದವನನ್ನು ಬಿಟ್ಟುಬಿಡುತ್ತೀರಾ?

ಸರ್ವೆಮೀಟರ್

ಅವರು ಹೇಳುವುದು ಸರಿ. ತೂಕವನ್ನು ತೂಕಕ್ಕೆ ಹೋಲಿಸುವುದು ಸಮಾಧಾನ ಕೊಡುತ್ತದೆ, ತಿಳಿವಳಿಕೆ ಕೊಡುವುದಿಲ್ಲ. ಬರಿಗೈಯಲ್ಲಿ ಹಿಡಿದ ಲೋಹದ ಮೇಲ್ಮೈಯಿಂದ ಚರ್ಮಕ್ಕೆ ಗಂಟೆಗೆ ಸುಮಾರು 2 ಮಿಲಿಸೀವರ್ಟ್‌ನಷ್ಟು ಬೀಟಾ ವಿಕಿರಣ ತಗಲುತ್ತದೆ. ಇದು ಬರುವುದು ಯುರೇನಿಯಂನ ತಕ್ಷಣದ ಸಂತತಿಯಿಂದ. ಒಂದು ಗಳಿಗೆ ಮುಟ್ಟಿದರೆ ಏನೂ ಆಗದು, ವಾರಗಟ್ಟಲೆ ಜೇಬಿನಲ್ಲಿಟ್ಟುಕೊಳ್ಳಬಾರದು. ನಮ್ಮ ಕ್ಯಾಮೆರಾದಲ್ಲಿ ಅದು ಉಕ್ಕಿನ ಕವಚದೊಳಗೆ ಇರುತ್ತದೆ ಎಂಬುದನ್ನು ನನ್ನ ಮೊದಲ ಪತ್ರದಲ್ಲಿ ನಾನು ಬರೆಯಬೇಕಾಗಿತ್ತು.

ಆಮ್ಸ್ಟೆಲ್ವೇನ್ ಕನ್ನಡಿಗ

ಕೊಸೊವೊದಲ್ಲೂ ಹೀಗೇ ಆಯಿತು. 1999ರಲ್ಲಿ ನೇಟೊ ವಿಮಾನಗಳು ಅಲ್ಲಿ ಸುಮಾರು 31,000 ಯುರೇನಿಯಂ ಗುಂಡು ಹಾರಿಸಿದ್ದವು. 2001ರ ಜನವರಿಯಲ್ಲಿ ಇಟಲಿಯ ಸೈನಿಕರ ರಕ್ತಕ್ಯಾನ್ಸರಿನ ಸುದ್ದಿ ಯುರೋಪಿನಾದ್ಯಂತ ಹಬ್ಬಿತು. ಅಪಾಯ ನಗಣ್ಯ ಎಂದು ಅಧಿಕಾರಿಗಳು ಹೇಳುತ್ತಿದ್ದ ಅದೇ ತಿಂಗಳು ಸ್ವಿಟ್ಜರ್ಲೆಂಡಿನ ಸ್ಪೀಜ್ ಪ್ರಯೋಗಾಲಯ ಆ ಗುಂಡುಗಳಲ್ಲಿ ಯುರೇನಿಯಂ-236 ಪತ್ತೆ ಮಾಡಿತು. ಅದು ಪ್ರಕೃತಿಯಲ್ಲಿ ಸಿಗುವುದಿಲ್ಲ ಎನ್ನಬಹುದು, ರಿಯಾಕ್ಟರಿನಲ್ಲಿ ಉರಿದ ಇಂಧನದಿಂದ ಬರುವಂಥದ್ದು. ಪ್ಲುಟೋನಿಯಂನ ಅತ್ಯಲ್ಪ ಅಂಶವೂ ಸಿಕ್ಕಿತು. ಪ್ರಮಾಣ ಎಷ್ಟು ಕಡಿಮೆಯೆಂದರೆ ಒಟ್ಟು ವಿಕಿರಣಕ್ಕೆ ಅದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ. ಆದರೆ ‘ನಮಗೆ ಹೇಳಿರಲಿಲ್ಲ’ ಎಂಬ ಮಾತು ಮತ್ತೆ ಬಂತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ ಕೊಸೊವೊದ 11 ಸ್ಥಳಗಳಲ್ಲಿ ಮಣ್ಣು, ನೀರು, ಹಾಲು ಪರೀಕ್ಷಿಸಿತು. ವ್ಯಾಪಕ ಮಾಲಿನ್ಯ ಕಾಣಲಿಲ್ಲ, ಗುಂಡು ಬಿದ್ದ ಜಾಗದ ಸುತ್ತಲಷ್ಟೇ ಕಂಡಿತು. ಆದರೆ ಅದೇ ತಂಡ 2003ರಲ್ಲಿ ಪ್ರಕಟಿಸಿದ ಬೋಸ್ನಿಯಾ ವರದಿಯಲ್ಲಿ, ಗುಂಡು ಬಿದ್ದು ಏಳು ವರ್ಷದ ಬಳಿಕ ಒಂದು ಕಡೆ ಕುಡಿಯುವ ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅದು ಕಾಣಿಸಿಕೊಂಡದ್ದನ್ನು ಮುಚ್ಚಿಡದೆ ಬರೆದು, ಬಾವಿಗಳನ್ನು ಪರೀಕ್ಷಿಸುತ್ತಿರಿ ಎಂದಿತು. ನಾನು ನಂಬುವುದು ಇಂಥ ವರದಿಯನ್ನು.

ಸುದ್ದಿಮನೆ

ಉಪನ್ಯಾಸಕರೇ, ನಮ್ಮ ಡೆಸ್ಕಿನ ಗೋಡೆಗೆ ಅಂಟಿಸಲು ಒಂದು ಟಿಪ್ಪಣಿ ಬರೆದಿದ್ದೇನೆ. ಎಲ್ಲರೂ ನೋಡಿ ತಿದ್ದಿಕೊಡಿ.

‘ಡಿಪ್ಲೀಟೆಡ್ ಯುರೇನಿಯಂ: ಯುರೇನಿಯಂ-235ರ ಬಹುಪಾಲನ್ನು ತೆಗೆದ ಮೇಲೆ ಉಳಿಯುವ ಭಾರಲೋಹ. ಇದರಿಂದ ಅಣುಬಾಂಬ್ ಸ್ಫೋಟವಾಗದು. ಶೀರ್ಷಿಕೆಯಲ್ಲಿ ಹಾಗೆ ಬರೆಯಬಾರದು. ಇದು ವಿಕಿರಣಶೀಲವಲ್ಲ ಎಂದೂ ಬರೆಯಬಾರದು. ಗಟ್ಟಿ ಲೋಹವೋ, ಧೂಳೋ, ನೀರಿನಲ್ಲಿದೆಯೋ ಎಂದು ವರದಿಗಾರರನ್ನು ಕೇಳಿ ಅದನ್ನು ಮೊದಲ ಪ್ಯಾರಾದಲ್ಲೇ ತಿಳಿಸಬೇಕು. ಉಸಿರು, ಆಹಾರದ ಮೂಲಕ ಒಳಹೊಕ್ಕರೆ ಮೂತ್ರಪಿಂಡ ಮತ್ತು ಶ್ವಾಸಕೋಶಗಳಿಗೆ ಹಾನಿಯಾಗುತ್ತದೆ. ಪೊಲೀಸರು ಹೇಳಿದ ಬೆಲೆಯನ್ನು ಪರೀಕ್ಷೆಯ ವರದಿ ಬರುವವರೆಗೆ ಶೀರ್ಷಿಕೆಗೆ ಏರಿಸಬಾರದು.’

ಪದಚಿಂತಕ

ಪದವನ್ನು ಅನುವಾದಿಸದೆ ಹಾಗೇ ಉಳಿಸಿಕೊಂಡದ್ದು ಒಳ್ಳೆಯದಾಯಿತು. ನನ್ನ ಸಮ್ಮತಿ ಇದೆ.

ಡಾಕ್ಟರಮ್ಮ ಹಾಸನ

‘ಹಾನಿಯಾಗುತ್ತದೆ’ ಎಂಬುದನ್ನು ‘ಹೆಚ್ಚಿನ ಪ್ರಮಾಣದಲ್ಲಿ ಒಳಹೊಕ್ಕರೆ ಹಾನಿಯಾಗಬಹುದು’ ಎಂದು ತಿದ್ದಿ. ನಾವೆಲ್ಲರೂ ದಿನಾ ಊಟದಲ್ಲಿ ಒಂದೆರಡು ಮೈಕ್ರೋಗ್ರಾಂ ಯುರೇನಿಯಂ ತಿನ್ನುತ್ತಿದ್ದೇವೆ.

ಅರಬ್ಬಿಕಡಲು

ತಿದ್ದಿ, ನನ್ನ ಅಭ್ಯಂತರವಿಲ್ಲ. ಆದರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಆ ಜಾಗದಲ್ಲಿ ವಾಸಿಸುವವರಿಗೂ ಕೆಲಸ ಮಾಡುವವರಿಗೂ ಯಾರಾದರೂ ತಿಳಿಸಿದ್ದಾರೆಯೇ ಎಂದು ಕೇಳಿ ಬರೆಯಬೇಕು.

ಸುದ್ದಿಮನೆ

ಸೇರಿಸಿದೆ.

ತುಂಗಾತೀರದ ಉಪನ್ಯಾಸಕ

ಎಕರೆಯ ಲೆಕ್ಕವನ್ನು ಕೈಬಿಟ್ಟೆ. ನಾಳೆ ಹತ್ತೂವರೆಗೆ ತರಗತಿ ಇದೆ. ಎರಡು ಕೊಡಗಳ ಚಿತ್ರದ ಪಕ್ಕದಲ್ಲಿ ಶ್ವಾಸಕೋಶದ ಚಿತ್ರವನ್ನೂ ಮೂತ್ರಪಿಂಡದ ಚಿತ್ರವನ್ನೂ ಬರೆದು, ಅವಳ ಪ್ರಶ್ನೆಯಿಂದಲೇ ಪಾಠ ಶುರುಮಾಡುತ್ತೇನೆ. ಸಹೋದ್ಯೋಗಿಯನ್ನೂ ಬಂದು ಕುಳಿತುಕೊಳ್ಳಲು ಕೇಳಿದ್ದೇನೆ, ಬರುತ್ತೇನೆ ಎಂದಿದ್ದಾರೆ.